ಹೊಳೆ ದಾಟದ ಹೆಸರು

ಜಗಳೂರು ಕಡೆಯ ಒಂದು ಹಳ್ಳಿಯಿಂದ ದಿನ ತುಂಬುತ್ತಿದ್ದ ಬಸುರಿಯೊಬ್ಬಳು ಬಾಡಿಗೆ ಕಾರು ಹತ್ತಿ ತವರಿಗೆಂದು ಹೊರಟಳು. ತವರು ಮುಟ್ಟಲಿಲ್ಲ. ಗಂಡನ ಮನೆಗೆ ತಿರುಗಿ ಬರಲೂ ಇಲ್ಲ. ಹಾಗೆಂದು ಯಾರೂ ಅಳಲಿಲ್ಲ, ಯಾರೂ ಹುಡುಕಲಿಲ್ಲ. ಇವರು ಅಲ್ಲಿದ್ದಾಳೆ ಅಂದುಕೊಂಡರು, ಅವರು ಇಲ್ಲಿದ್ದಾಳೆ ಅಂದುಕೊಂಡರು. ಈ ಎರಡು ಅಂದುಕೊಳ್ಳುವಿಕೆಯ ನಡುವೆ ಆಕೆಯ ಹೆಸರು ಮಾತ್ರ ಕಳೆದುಹೋಯಿತು.

ಆ ಹೆಸರನ್ನು ಕಳೆದವಳು ಚನ್ನಗಿರಿಯ ಒಂದು ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಸಂಧ್ಯಾರಾಣಿ. ಕೆರೆಬಿಳಚಿಯ ಹುಡುಗಿ, ಇಪ್ಪತ್ತೆಂಟು ವರ್ಷ, ಗುತ್ತಿಗೆ ನೌಕರಿ. ಹುದ್ದೆಯ ಹೆಸರು ಸಂಯೋಜಕಿ. ಏನನ್ನು ಸಂಯೋಜಿಸುತ್ತಾಳೆ ಎಂದು ನೆಂಟರು ಕೇಳಿದರೆ ಅವಳ ಅವ್ವ, "ಎರಡು ಆಫೀಸಿನೋರು ಒಬ್ರಿಗೊಬ್ರು ಮಾತಾಡಲ್ಲಂತೆ, ಇವಳು ಮಧ್ಯೆ ಕೂತು ಮಾತಾಡಿಸ್ತಾಳೆ" ಎನ್ನುತ್ತಿದ್ದಳು. ಸರ್ಕಾರದ ಆದೇಶ ನಾಲ್ಕು ಪುಟದಲ್ಲಿ ಹೇಳಿದ್ದನ್ನು ಅವ್ವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಆ ಎರಡು ಆಫೀಸುಗಳಲ್ಲಿ ಒಂದು ಆರೋಗ್ಯದವರದು, ಇನ್ನೊಂದು ಅಂಗನವಾಡಿಯವರದು. ಬಸುರಿಯ ರಕ್ತ ಪರೀಕ್ಷೆ, ಚುಚ್ಚುಮದ್ದು, ಹೆರಿಗೆ ಆರೋಗ್ಯದವರ ಪಾಲು. ಮೊಟ್ಟೆ, ಮಧ್ಯಾಹ್ನದ ಊಟ, ತೂಕ ಅಂಗನವಾಡಿಯವರ ಪಾಲು. ಹೊಟ್ಟೆ ಒಂದೇ, ಪಟ್ಟಿ ಮಾತ್ರ ಎರಡು. ಒಬ್ಬರ ಮೊಬೈಲಿನಲ್ಲಿ ಇರುವ ಹೆಸರು ಇನ್ನೊಬ್ಬರ ಮೊಬೈಲಿಗೆ ಗೊತ್ತಿಲ್ಲ. ಈ ಎರಡನ್ನೂ ಸೇರಿಸಿ ಒಂದೇ ಪಟ್ಟಿ ಮಾಡಬೇಕೆಂದು ಮೇಲಿನವರು ತೀರ್ಮಾನಿಸಿ, ಪ್ರಯೋಗಕ್ಕೆ ಚನ್ನಗಿರಿ, ಹೊನ್ನಾಳಿ, ಜಗಳೂರು ಮತ್ತು ಮೊನ್ನೆ ಮೊನ್ನೆ ಹೊನ್ನಾಳಿಯಿಂದ ಪಾಲಾಗಿ ಬೇರೆ ಒಲೆ ಹೂಡಿದ ನ್ಯಾಮತಿ, ಹೀಗೆ ನಾಲ್ಕು ತಾಲ್ಲೂಕು ಆರಿಸಿದ್ದರು. ಕಾಗದದ ಮೇಲೆ ಆ ಪಟ್ಟಿಗೆ ಉದ್ದನೆಯ ಹೆಸರಿತ್ತು. ಹಳ್ಳಿಯ ಹೆಂಗಸರು ಅದನ್ನು ಕೂಡುಪಟ್ಟಿ ಎಂದು ಕರೆದರು, ಹೆಸರು ಹಾಗೇ ನಿಂತಿತು.

ಕೂಡುಪಟ್ಟಿಯ ಬಗ್ಗೆ ಸಂಧ್ಯಾರಾಣಿಗೆ ಒಳಗೊಳಗೇ ಹೆಮ್ಮೆ. ಊರಿನ ಬದುಕು ಕಾಣದ ಸಾಫ್ಟ್‌ವೇರಿನವರು ಕಳಿಸಿದ ಮೊದಲ ನಮೂನೆಯಲ್ಲಿ ಬಸುರಿಗೆ ಒಂದೇ ವಿಳಾಸ ಇತ್ತು. ಅವಳು ಹಟ ಹಿಡಿದಳು. ಚೊಚ್ಚಲು ಹೆರಿಗೆ ತವರಿನ ಹಕ್ಕು ಸರ್, ಕುಬಸ ಮಾಡಿ ಉಡಿ ತುಂಬಿದ ಮೇಲೆ ಹುಡುಗಿ ತವರಿಗೆ ಹೋಗುತ್ತಾಳೆ, ಅವಳ ಹಿಂದೆ ಅವಳ ಹೆಸರೂ ಹೋಗಬೇಕು ಎಂದು ಮೂರು ಸಭೆಗಳಲ್ಲಿ ವಾದಿಸಿದಳು. ಕೊನೆಗೆ ಎರಡು ಖಾನೆ ಬಂದವು: ಗಂಡನ ಮನೆ, ತವರು. ಗಂಡನ ಮನೆಯ ಕಡೆಯವರು ‘ತವರಿಗೆ’ ಎಂದು ಒತ್ತಿದರೆ ಹೆಸರು ಹೊಸ್ತಿಲ ಆಚೆ ಹೋಗಿ ನಿಲ್ಲುತ್ತದೆ. ತವರಿನ ಕಡೆಯವರು ‘ಬಂದರು’ ಎಂದು ಒತ್ತಿದರೆ ಒಳಗೆ ಬರುತ್ತದೆ. ಮಗಳನ್ನು ಕಳಿಸಿಕೊಡುವುದು, ಕರೆದುಕೊಳ್ಳುವುದು. ಇದನ್ನು ಯೋಚಿಸಿದ ದಿನ ಅವಳಿಗೆ ಆಫೀಸಿನ ಗೋಡೆಯೇ ಸರಿದು, ಬಳೆ ತೊಟ್ಟ ನೂರಾರು ಕೈಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಟ್ಟೆ ದಾಟಿಸುತ್ತಿರುವಂತೆ ಕಂಡಿತ್ತು.

ಹೊಸ್ತಿಲ ಮೇಲೆಯೇ ಯಾರಾದರೂ ಉಳಿದುಬಿಟ್ಟರೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಫೋನು ಬಂತು.

"ಮೇಡಂ, ನಾನು ಜಗಳೂರು ಕಡೆಯಿಂದ, ಆಶಾ ಕಾರ್ಯಕರ್ತೆ ಲಕ್ಷ್ಮಮ್ಮ. ನಿಮ್ಮ ಕೂಡುಪಟ್ಟಿ ನಮ್ಮ ಒಂದು ಹುಡುಗೀನ ನುಂಗೈತೆ."

"ನುಂಗಾಕೆ ಅದೇನು ಹೆಬ್ಬಾವಾ ಲಕ್ಷ್ಮಮ್ಮೋರೆ?"

"ನೀವೇ ನೋಡ್ರಿ. ರಕ್ಷಾ ಅಂತ, ಮೈಲಾರಿ ಹೆಂಡ್ತಿ. ಹದಿನೈದು ದಿನದ ಕೆಳಗೆ ತವರಿಗೆ ಹೋದ್ಲು, ನಾನು ತವರಿಗೆ ಅಂತ ಒತ್ತಿದೆ. ಒತ್ತಿದ್ದೇ ತಡ ನನ್ನ ಮೊಬೈಲ್‌ನಾಗೆ ಮಾಯ. ಸರಿ, ಅಲ್ಲಿ ಬಂದಿರ್ತಾಳೆ ಬಿಡು ಅಂದ್ಕಂಡೆ. ಇವತ್ತು ಯಾಕೋ ಮನಸ್ಸು ತಡೀಲಿಲ್ಲ, ನ್ಯಾಮತಿ ಕಡೆ ಅವರ ಊರಿಗೆ ಕೇಳ್ಸಿದೆ. ಅಲ್ಲಿ ಮನೆಗೆ ಬೀಗ. ಅವರವ್ವ ಉಡಚಮ್ಮ ಮಗಳ ಬಾಣಂತನಕ್ಕೆ ಅಂತ ಜಗಳೂರಿಗೆ ಹೋಗ್ಯಾಳೆ ಅಂತಾರೆ ಅಕ್ಕಪಕ್ಕದೋರು. ಜಗಳೂರಿನಾಗೆ ನಾನೇ ಕೂತಿದೀನಿ, ಯಾರೂ ಬಂದಿಲ್ಲ."

ಸಂಧ್ಯಾರಾಣಿ ಹೆಸರು ಹೊಡೆದು ಹುಡುಕಿದಳು. ಬರಲಿಲ್ಲ. ಗಂಡನ ಹೆಸರು ಹೊಡೆದಳು. ಬರಲಿಲ್ಲ. ಆಮೇಲೆ ನೆನಪಾಯಿತು. ಹೋದ ವಾರ ಅವಳು ಪಟ್ಟಿಯನ್ನು ಗುಡಿಸಿದ್ದಳು. ಎರಡೂ ಇಲಾಖೆಯಿಂದ ಬಂದು ಎರಡೆರಡು ಸಲ ಕೂತಿದ್ದ ಹೆಸರುಗಳನ್ನು ಒಂದು ಮಾಡುವಾಗ, ಹತ್ತು ದಿನದಿಂದ ಯಾರೂ ಮುಟ್ಟದ ಇನ್ನೂರ ಹನ್ನೆರಡು ಹೆಸರುಗಳನ್ನು ಹೆಚ್ಚುವರಿ ಎಂದು ತೆಗೆದುಹಾಕಿದ್ದಳು. ಒಂದೇ ಗುಂಡಿ, ಒಂದೇ ಒತ್ತು. ತೆಗೆದವುಗಳ ಬುಟ್ಟಿ ತೆರೆದು ನೋಡಿದಳು. ರಕ್ಷಾ ಅಲ್ಲಿದ್ದಳು, ಹೆಸರಿನ ಪಕ್ಕ ಕೆಂಪು ಚುಕ್ಕಿಯ ಸಮೇತ.

"ಲಕ್ಷ್ಮಮ್ಮೋರೆ, ಕೆಂಪು ಚುಕ್ಕಿ ಯಾಕೆ ಇಟ್ಟಿದ್ರಿ?"

"ಅದಕ್ಕೇ ಅಲ್ವಾ ಅಮ್ಮ ನನ್ನ ಸಂಕಟ. ಅವಳದ್ದು ಓ ನೆಗೆಟಿವ್ ರಕ್ತ. ಮೊದ್ಲೇ ರಕ್ತ ಕಮ್ಮಿ, ಏಳೂವರೆ ಇತ್ತು, ಸೂಜಿ ಹಾಕಿಸಿ ಹಾಕಿಸಿ ಒಂಬತ್ತಕ್ಕೆ ತಂದಿದೀವಿ. ಹೆರಿಗೆ ಹೊತ್ತಿಗೆ ಅದೇ ರಕ್ತ ಎರಡು ಬಾಟ್ಲಿ ಎದುರಿಗಿರಬೇಕು, ಹೆತ್ತು ಮೂರು ದಿನದೊಳಗೆ ಒಂದು ಸೂಜಿ ಬೀಳಬೇಕು ಅಂದಾರೆ ಡಾಕ್ಟ್ರು. ಆ ರಕ್ತ ಬೇಕು ಅಂದ ಕೂಡ್ಲೆ ಸಿಗಾದಲ್ಲ. ತಾಯಿ ಕಾರ್ಡ್ ನೋಡಿದ್ರೆ ಗೊತ್ತಾಗ್ತಿತ್ತು, ಅದನ್ನ ಅವರತ್ತೆ ಜೋಪಾನ ಮಾಡಿ ಟ್ರಂಕಿನಾಗೆ ಇಟ್ಟವ್ಳೆ. ಹೊರಡೋ ಗಡಿಬಿಡೀಲಿ ಅಲ್ಲೇ ಉಳೀತು."

"ಫೋನು?"

"ಅವಳ ಹತ್ರಾನೂ ಅವರವ್ವನ ಹತ್ರಾನೂ ಫೋನಿಲ್ಲ, ಪಟ್ಟೀಲಿರೋದು ಮೈಲಾರಿ ನಂಬ್ರು. ಅವನು ಬೋರ್‌ವೆಲ್ ಲಾರಿ ಮೇಲೆ ಒಡಿಶಾ ಕಡೆ ಹೋಗ್ಯಾನೆ. ಕಾಡಿನಾಗೆ ಕೊರೀತಾ ಇದ್ರೆ ನೀರು ಸಿಕ್ಕರೂ ಸಿಗ್ನಲ್ ಸಿಗಲ್ಲ."

ಹೆರಿಗೆಯ ದಿನ ಇಪ್ಪತ್ತನಾಲ್ಕು ಎಂದಿತ್ತು. ಅವತ್ತು ಹನ್ನೊಂದು. ಚೊಚ್ಚಲು ಹೊಟ್ಟೆ ತಾರೀಖು ನೋಡಿಕೊಂಡು ನೋಯುವುದಿಲ್ಲ.

ಮಧ್ಯಾಹ್ನ ಹನ್ನೆರಡು ಗಂಟೆಗೆಲ್ಲ ಸಂಧ್ಯಾರಾಣಿ ಎರಡೂ ಕಡೆಯವರನ್ನು ತನ್ನ ಕೋಣೆಗೆ ಕರೆಸಿಕೊಂಡಳು. ಆರೋಗ್ಯದವರ ಪಟ್ಟಿ ನೋಡಿಕೊಳ್ಳುತ್ತಿದ್ದವರು ಗುರುಬಸವರಾಜ್, ನಲವತ್ತು ದಾಟಿದ, ಜೇಬಿನಲ್ಲಿ ಮೂರು ಪೆನ್ನಿಡುವ ಮನುಷ್ಯ. ಅಂಗನವಾಡಿಗಳ ಮೇಲ್ವಿಚಾರಕಿ ಅನ್ನಪೂರ್ಣಮ್ಮ, ನಿವೃತ್ತಿಗೆ ಎರಡು ವರ್ಷ ಉಳಿದವರು. ಇಬ್ಬರೂ ಒಂದೊಂದು ಹಾಳೆ ಹಿಡಿದು ಬಂದು ಮೇಜಿನ ಎರಡು ತುದಿಗೆ ಕೂತರು. ಇಬ್ಬರ ಹಾಳೆಯಲ್ಲೂ ಒಂದೇ ವಾಕ್ಯಕ್ಕೆ ಅಡಿಗೆರೆ ಎಳೆದಿತ್ತು: ಸದರಿ ಫಲಾನುಭವಿ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ.

"ಅಂಗನವಾಡಿಯೋರು ಬಂದರು ಅಂತ ಒತ್ತಬೇಕಿತ್ತು" ಎಂದರು ಗುರುಬಸವರಾಜ್, ಗೋಡೆಯ ಕಡೆ ನೋಡಿ.

"ಬಂದಿದ್ರೆ ತಾನೇ ಒತ್ತೋದು. ಬರದೇ ಇರೋರ್ನ ಬಂದರು ಅಂತ ಒತ್ತೋ ಅಭ್ಯಾಸ ನಮಗಿಲ್ಲ" ಎಂದರು ಅನ್ನಪೂರ್ಣಮ್ಮ, ಕಿಟಕಿಯ ಕಡೆ ನೋಡಿ. "ಇಸ್ಕೊಂಡಿದ್ದನ್ನ ವಾಪಸ್ ಕೊಡದೇ ಇರೋ ಅಭ್ಯಾಸಾನೂ ಇಲ್ಲ."

"ಮತ್ತೆ ಆ ತಕ್ಕಡಿ ವಿಷಯಕ್ಕೆ ಬಂದ್ರಾ?"

"ಯಾಕೆ ಬರಬಾರದು? ಮೂರು ವರ್ಷದ ಹಿಂದೆ ಕ್ಯಾಂಪಿಗೆ ಅಂತ ತಗಂಡೋದ ತೂಕದ ಯಂತ್ರ. ಹೊಸಾದು. ನಾನು ಸಹಿ ಹಾಕಿ ಕೊಟ್ಟಿದ್ದು."

"ನಾವು ವಾಪಸ್ ಕಳ್ಸಿದೀವಿ ಮೇಡಂ."

"ಹಂಗಾದ್ರೆ ದಾರೀಲಿ ಅದಕ್ಕೂ ಹೆರಿಗೆ ಬೇನೆ ಬಂದಿರಬೇಕು."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇದಕ್ಕೇ. ಬೇರೆ ದಿನವಾದರೆ ಸಂಧ್ಯಾರಾಣಿ ಮಧ್ಯೆ ಬಾಯಿ ಹಾಕದೆ, ಇಬ್ಬರೂ ದಣಿಯುವವರೆಗೆ ಕಾಯುತ್ತಿದ್ದಳು. ಅವತ್ತು ಹದಿಮೂರು ದಿನದಲ್ಲಿ ಅರ್ಧ ದಿನ ಆಗಲೇ ಕಳೆದಿತ್ತು.

"ತಪ್ಪು ನಿಮ್ಮಿಬ್ಬರದೂ ಅಲ್ಲ, ನಂದು" ಎಂದಳು. "ಅವಳ ಹೆಸರು ಅಳಿಸಿದ್ದು ನಾನು. ಈ ಕೈಯಿಂದಾನೇ. ಅವಳಿಗೆ ಏನಾದ್ರೂ ಆದ್ರೆ ಅದಕ್ಕೂ ನಾನೇ."

ಈ ಕಟ್ಟಡದಲ್ಲಿ ಕಡತ ಕಳೆಯುವುದುಂಟು, ಕೀಲಿಕೈ ಕಳೆಯುವುದುಂಟು; ಕಳೆದದ್ದು ನಾನೇ ಎಂದವರನ್ನು ಗುರುಬಸವರಾಜ್ ತಮ್ಮ ಹದಿನೇಳು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅವರು ಮೂರು ಪೆನ್ನುಗಳಲ್ಲಿ ಒಂದನ್ನು ತೆಗೆದು ಮತ್ತೆ ಜೇಬಿಗಿಟ್ಟರು. ಅನ್ನಪೂರ್ಣಮ್ಮ ಕಿಟಕಿ ಬಿಟ್ಟು ಹುಡುಗಿಯ ಮುಖ ನೋಡಿದರು.

"ಅಳಬ್ಯಾಡ ತಾಯಿ" ಎಂದರು. "ಈಗ ಏನು ಮಾಡಾಕಾಗ್ತತೆ ಅದನ್ನ ಹೇಳು."

"ಲಕ್ಷ್ಮಮ್ಮಂಗೂ ನ್ಯಾಮತಿ ಕಡೆ ಟೀಚರ್‌ಗೂ ನೇರವಾಗಿ ಮಾತಾಡಿಸೋಣ ಮೇಡಂ. ಇಷ್ಟು ದಿನ ಅವರಿಬ್ರೂ ಒಬ್ಬರ ದನಿ ಒಬ್ರು ಕೇಳಿಲ್ಲ."

ಕೇಳಿರಲು ಸಾಧ್ಯವೂ ಇರಲಿಲ್ಲ. ಜಗಳೂರಿನ ಆಶಾಗೆ ನ್ಯಾಮತಿಯ ಅಂಗನವಾಡಿಯಲ್ಲಿ ಏನಾದರೂ ಕೇಳಬೇಕಾದರೆ ಪತ್ರ ತನ್ನ ಮೇಲಿನವರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಲ್ಲಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗೆ ಇಳಿಯಬೇಕು. ಅಷ್ಟು ಹೊತ್ತಿಗೆ ಹುಟ್ಟಿದ ಕೂಸು ಅಂಬೆಗಾಲಿಡುತ್ತದೆ.

"ಅವರವರೇ ಮಾತಾಡಿಕೊಂಡ್ರೆ ನಮಗೇನು ಕೆಲ್ಸ?" ಎಂದರು ಗುರುಬಸವರಾಜ್. ಆದರೆ ಅವರೇ ಎದ್ದು ಬಾಗಿಲು ಹಾಕಿ ಬಂದು, ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡರು.

ನ್ಯಾಮತಿ ಕಡೆಯ ಆ ಹಳ್ಳಿಯ ಅಂಗನವಾಡಿ ಟೀಚರ್ ಪ್ರೇಮಮ್ಮ. ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಲಕ್ಷ್ಮಮ್ಮ, ನಡುವೆ ಮೇಜಿನ ಮೇಲೆ ಫೋನು. ಮೊದಲ ಎರಡು ನಿಮಿಷ ಇಬ್ಬರೂ ತಮ್ಮ ತಮ್ಮ ಊರಿನ ಬಿಸಿಲು, ಮಕ್ಕಳ ಕೆಮ್ಮು ವಿಚಾರಿಸಿಕೊಂಡರು. ಗುರುಬಸವರಾಜ್ ಗಡಿಯಾರ ತೋರಿಸಿದರೆ ಅನ್ನಪೂರ್ಣಮ್ಮ ಸುಮ್ಮನಿರಿ ಎಂದು ಕೈಸನ್ನೆ ಮಾಡಿದರು.

"ಅಲ್ಲಕ್ಕ, ಕುಬಸ ಆದದ್ದು ಏಳು ತಿಂಗಳಿನಾಗೆ ತಾನೆ?" ಎಂದು ಪ್ರೇಮಮ್ಮ ಕೇಳಿದರು. "ಆವಾಗ್ಲೇ ಯಾಕೆ ಕಳಿಸ್ಲಿಲ್ಲ?"

"ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು ಕಣಕ್ಕ. ಮನೇಲಿ ಒಲೆ ಮುಂದೆ ಕೂರೋರಿಲ್ಲ. ಹುಡುಗೀನೇ, ಇನ್ನೊಂದು ತಿಂಗಳು ಇದ್ದು ಹೋಗ್ತೀನಿ ಅಂದ್ಲು. ಹಂಗೂ ಹಿಂಗೂ ಒಂಬತ್ತಕ್ಕೆ ಬಿತ್ತು."

"ಒಂಬತ್ತಕ್ಕೆ ಬಿದ್ದ ಮೇಲೆ ಕಳಿಸಿದ್ರಾ?"

"ಹ್ಞೂಂ."

ಆ ಕಡೆ ಪ್ರೇಮಮ್ಮ ನಕ್ಕದ್ದು ಕೇಳಿಸಿತು.

"ಹಂಗಾದ್ರೆ ಅವಳು ನಮ್ಮೂರಿಗೆ ಎಲ್ಲಿ ಬರ್ತಾಳಕ್ಕ. ನಮ್ಮೂರಿಗೆ ಬರಬೇಕಂದ್ರೆ ಹೊಳೆ ದಾಟಬೇಕು. ಒಂಬತ್ತಕ್ಕೆ ಬಿದ್ದೋಳ್ನ ಉಡಚಮ್ಮ ಸತ್ತರೂ ಹೊಳೆ ದಾಟ್ಸಲ್ಲ. ಏಳಕ್ಕೆ ದಾಟಬೋದು, ಒಂಬತ್ತಕ್ಕೆ ದಾಟಬಾರದು. ಹೊಳೆ ಆಚೆ ಕಡೇನೇ ಎಲ್ಲೋ ಇಳ್ಸ್ಯಾಳೆ. ನೀವು ನಿಮ್ಮ ದಡದಾಗೇ ಹುಡುಕ್ರಿ."

ಸಂಧ್ಯಾರಾಣಿ ಹಣೆಗೆ ಕೈ ಹಚ್ಚಿಕೊಂಡಳು. ಜಗಳೂರು, ಚನ್ನಗಿರಿ ತುಂಗಭದ್ರೆಯ ಈ ದಡ. ನ್ಯಾಮತಿ ಆ ದಡ. ನಕಾಶೆಯಲ್ಲಿ ತೆಳ್ಳಗೆ ನೀಲಿ ಗೆರೆಯೆಂದು ಅವಳು ನೋಡಿ ಬಿಟ್ಟಿದ್ದು, ಉಡಚಮ್ಮನಿಗೆ ಗೋಡೆ. ತವರು ಬೇಕೆಂದು ಮೂರು ಸಭೆಯಲ್ಲಿ ವಾದಿಸಿದ ತನಗೆ, ತವರಿನ ದಾರಿಯಲ್ಲಿ ಹೊಳೆ ಇರುತ್ತದೆಂದು ಯಾಕೆ ನೆನಪಾಗಲಿಲ್ಲ? ಬಸುರಿ ಹೊಳೆ ದಾಟಬಾರದು, ಬಾವಿ ಬಗ್ಗಿ ನೋಡಬಾರದು ಎಂದು ಚಿಕ್ಕಂದಿನಿಂದ ಕೇಳಿದ ಮಾತೇ. ಕೆಲಸಕ್ಕೆ ಸೇರಿದ ದಿನ ಅಂಥ ಮಾತುಗಳನ್ನೆಲ್ಲ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಬಂದಿದ್ದಳೇನೋ.

"ಪ್ರೇಮಮ್ಮೋರೆ, ಈ ದಡದಲ್ಲಿ ಉಡಚಮ್ಮಂಗೆ ಯಾರಿದಾರೆ?"

"ತಂಗಿ ಒಬ್ಳು ಅದಾಳಲ್ಲ, ಸಾಸ್ವೆಹಳ್ಳೀಲಿ. ಹಬ್ಬಕ್ಕೆ ಬರ್ತಿರ್ತಾಳೆ."

ಸಾಸ್ವೆಹಳ್ಳಿ ಹೊಳೆಯ ಈ ಕಡೆ ಇದ್ದರೂ ಹೊನ್ನಾಳಿ ತಾಲ್ಲೂಕು. ಅಲ್ಲಿಗೆ ಅನ್ನಪೂರ್ಣಮ್ಮನ ಅಧಿಕಾರ ನಡೆಯದು. ಆದರೂ ಅವರು ತಮ್ಮ ಹಳೆಯ ಡೈರಿ ಬಿಚ್ಚಿ, ಎಂದೋ ತರಬೇತಿಯಲ್ಲಿ ಪಕ್ಕ ಕೂತಿದ್ದ ಅಲ್ಲಿನ ಟೀಚರ್ ಸಾವಂತ್ರಮ್ಮನ ನಂಬರು ಹುಡುಕಿ ತೆಗೆದರು. ಆ ಕಡೆ ಒಂದೇ ರಿಂಗಿಗೆ ಫೋನು ಎತ್ತಿದರು.

"ರಕ್ಷಾನಾ? ಯಾವ ರಕ್ಷಾ, ನಮ್ಮ ರಕ್ಷಾನಾ?" ಎಂದಿತು ದನಿ. "ಇಲ್ಲೇ ಮುಂದೆ ಕೂತು ಮೊಟ್ಟೆ ಸುಲೀತಾ ಅದಾಳೆ. ಮಾತಾಡ್ತೀರಾ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಸಂಧ್ಯಾರಾಣಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಆದರೆ ಅನ್ನಪೂರ್ಣಮ್ಮನಿಗೆ ಮೂವತ್ತು ವರ್ಷದ ಅಭ್ಯಾಸ ಬಿಡಲಿಲ್ಲ.

"ಪಟ್ಟೀಲಿ ಇಲ್ದೋರಿಗೆ ಮೊಟ್ಟೆ ಹೆಂಗೆ ಕೊಟ್ರಿ ಸಾವಂತ್ರಮ್ಮ?"

"ನಮ್ಮ ಮನೆ ಕೋಳಿ ಇಟ್ಟಿದ್ದು ಮೇಡಂ. ಸೇರಿಸಾಕೆ ಹೋದ್ರೆ ಮೊಬೈಲು, ಇವರು ಬೇರೆ ತಾಲ್ಲೂಕಿನೋರು ಅಂತ ವಾಪಸ್ ಹಾಕ್ತತೆ. ನಮ್ಮ ಕೋಳಿ ಆಧಾರ್ ಕೇಳಲ್ಲ ನೋಡ್ರಿ."

ಸಾಸ್ವೆಹಳ್ಳಿಗೆ ಹೋಗಲೇಬೇಕಿತ್ತು. ಹುಡುಗಿ ಸಿಕ್ಕಿದ್ದಳು, ಆದರೆ ಆಕೆಯ ರಕ್ತಕ್ಕೆ ಇನ್ನೂ ವ್ಯವಸ್ಥೆ ಆಗಿರಲಿಲ್ಲ. ಆರೋಗ್ಯದವರ ಹತ್ತಿರ ಜೀಪಿತ್ತು, ಡ್ರೈವರ್ ರಜೆ. ಅಂಗನವಾಡಿಯವರ ಹತ್ತಿರ ಡ್ರೈವರ್ ಇದ್ದ, ವಾಹನ ರಿಪೇರಿಗೆ ಹೋಗಿತ್ತು. ಎರಡೂ ಸಂಗತಿ ಈ ಆವರಣದಲ್ಲಿ ಒಂದು ತಿಂಗಳಿಂದ ಹಾಗೇ ಇದ್ದವು. ಯಾರೂ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಅವರ ಡ್ರೈವರ್ ಇವರ ಜೀಪು ಹತ್ತಿದ. ಹಿಂದಿನ ಸೀಟಿನಲ್ಲಿ ಕೂತ ಅನ್ನಪೂರ್ಣಮ್ಮ ಕಾಲು ಚಾಚಲು ಹೋದರೆ ಸೀಟಿನ ಅಡಿ ಏನೋ ತಗುಲಿತು. ಬಗ್ಗಿ ಎಳೆದರು. ಗೋಣಿಚೀಲದಲ್ಲಿ ಸುತ್ತಿದ ತೂಕದ ಯಂತ್ರ.

ಗುರುಬಸವರಾಜ್ ಮುಂದಿನ ಸೀಟಿನಿಂದ ತಿರುಗಿ ನೋಡಿ, ಮತ್ತೆ ರಸ್ತೆಯ ಕಡೆ ತಿರುಗಿಕೊಂಡರು. ಜೀಪು ನಾಲ್ಕು ಮೈಲಿ ಸಾಗಿತು.

"ವಾಪಸ್ ಕಳ್ಸಿದ್ದು ನಿಜ" ಎಂದರು ಕೊನೆಗೆ. "ಇಳಿಸಿರಲಿಲ್ಲ, ಅಷ್ಟೆ."

ಅನ್ನಪೂರ್ಣಮ್ಮ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಧೂಳು ಒರೆಸುತ್ತ ಕೂತರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ಸಂಧ್ಯಾರಾಣಿ ಹಿಂದೆ ಕಂಡಿರಲಿಲ್ಲ. ಹೊರಗೆ ಗದ್ದೆಗಳಲ್ಲಿ ನಾಟಿ ಮುಗಿದು ನೀರು ಮಿನುಗುತ್ತಿತ್ತು.

ಉಡಚಮ್ಮ ತಂಗಿಯ ಮನೆಯ ಜಗಲಿಯ ಮೇಲೆ ಕೂತು ಹಳೆಯ ಸೀರೆ ಹರಿದು ಕೂಸಿಗೆ ಬಟ್ಟೆ ಮಾಡುತ್ತಿದ್ದಳು. ಗಟ್ಟಿ ಹೆಂಗಸು, ಮೂರು ಜನ ಆಫೀಸಿನವರು ಒಟ್ಟಿಗೆ ಬಂದರೂ ಕೈಯ ಕೆಲಸ ನಿಲ್ಲಿಸಲಿಲ್ಲ. ರಕ್ಷಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಇಪ್ಪತ್ತೆರಡರ ಹುಡುಗಿ, ಮುಖ ಕೊಂಚ ಬಿಳಿಚಿತ್ತು, ಕಣ್ಣಲ್ಲಿ ತಮಾಷೆ.

"ನಾನು ಕಳೆದುಹೋಗಿದ್ನಂತೆ" ಎಂದಳು. "ಹೇಳಿ ಕಳಿಸಿದ್ರೆ ನಾನೇ ಬಂದು ಸಿಗ್ತಿದ್ನಲ್ಲ."

ಗುರುಬಸವರಾಜ್ ರಕ್ತದ ವಿಷಯ ಬಿಡಿಸಿ ಹೇಳಿದರು. ಕೆಟ್ಟದ್ದೇನಲ್ಲ, ಆದರೆ ಬಲು ಕಡಿಮೆ ಜನರಿಗಿರುವ ರಕ್ತ, ಮೊದಲೇ ತಂದಿಟ್ಟುಕೊಳ್ಳಬೇಕು ಎಂದರು. ಉಡಚಮ್ಮ ಕೇಳಿಸಿಕೊಂಡಳು. ಮಗಳ ಕಡೆ ನೋಡಿ, "ಯಾಕೆ ಹೇಳ್ಲಿಲ್ಲೇ?" ಎಂದಳು. ರಕ್ತ ಕಮ್ಮಿ ಅಂದಿದ್ದು ಗೊತ್ತಿತ್ತು, ರಕ್ತದಾಗೂ ಜಾತಿ ಐತೆ ಅಂತ ಗೊತ್ತಿರಲಿಲ್ಲ ಎಂದಳು ಮಗಳು.

"ಸರಿ, ಆಸ್ಪತ್ರೆಗೆ ನಾನೇನು ಬ್ಯಾಡ ಅನ್ನಲ್ಲ" ಎಂದಳು ಉಡಚಮ್ಮ. "ಯಾವ ಆಸ್ಪತ್ರೆ?"

"ಸಾಸ್ವೆಹಳ್ಳಿ ಹೊನ್ನಾಳಿಗೆ ಸೇರ್ತತೆ. ಪಟ್ಟಿ ಪ್ರಕಾರ ಹೊನ್ನಾಳಿಗೆ ಹೋಗಬೇಕು. ಇಲ್ಲೇ, ಸೇತುವೆ ದಾಟಿದ್ರೆ..."

"ಆಗಲ್ಲ."

"ಸೇತುವೆ ಮೇಲೆ ಹೋದ್ರೆ ನೀರು ಮುಟ್ಟೋದೇ ಇಲ್ವಲ್ಲಮ್ಮ."

"ಸೇತುವೆ ಮೇಲೆ ಹೋದ್ರೂ ಹೊಳೆ ಹೊಳೇನೆ ಸಾರ್. ನೀವು ಹೊಟ್ಟೇಲಿದ್ದಾಗ ನಿಮ್ಮವ್ವ ದಾಟಿದ್ಲಾ?"

ಗುರುಬಸವರಾಜ್ ಯೋಚಿಸಿದರು. "ನಮ್ಮೂರಾಗೆ ಹೊಳೇನೇ ಇಲ್ಲ" ಎಂದರು ಸಣ್ಣ ದನಿಯಲ್ಲಿ. ರಕ್ಷಾ ಬಾಯಿಗೆ ಸೆರಗು ಹಿಡಿದು ನಕ್ಕಳು.

ಉಡಚಮ್ಮ ನಗಲಿಲ್ಲ. ಹರಿಯುತ್ತಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ನಮ್ಮ ದೊಡ್ಡವ್ವಗೆ ಹರಿಗೋಲಿನಾಗೆ ಬೇನೆ ಬಂತು" ಎಂದಳು. "ನಡು ಹೊಳೇಲಿ. ಹೊಳೆ ತುಂಬಿತ್ತು. ಅಂಬಿಗ ಇತ್ಲಾಗೂ ಬರಾಕೆ ಆಗ್ದೆ ಅತ್ಲಾಗೂ ಹೋಗಾಕೆ ಆಗ್ದೆ ಸುತ್ತು ತಿರುಗಿಸ್ತಾ ಇದ್ದ. ದಡದ ಮೇಲೆ ನಿಂತು ನೋಡ್ದೋಳು ನಮ್ಮವ್ವ. ಅವಳು ಸಾಯೋವಾಗ ನನ್ನ ಕೈಲಿ ಮಾತು ತಗಂಡವ್ಳೆ. ನೀವು ಹಾಳೆ ಮೇಲೆ ಬರ್ಕಂತೀರಿ, ನಾವು ಹಿಂಗೆ ಇಟ್ಕಂತೀವಿ."

ಸಂಧ್ಯಾರಾಣಿಗೆ ಆ ಹರಿಗೋಲು ಕಣ್ಣ ಮುಂದೆ ತಿರುಗಿತು. ಸೇತುವೆ ಗಟ್ಟಿಯಿದೆ, ಹೆದರಬೇಡಿ ಎಂದು ಹೇಳಲು ಬಾಯಿ ತೆರೆದಿದ್ದವಳು ಮುಚ್ಚಿಕೊಂಡಳು. ಈ ಹೆಂಗಸನ್ನು ಗೆಲ್ಲುವುದು ತನ್ನ ಕೆಲಸವಲ್ಲ. ಹೊಳೆ ದಾಟದ ದಾರಿ ಇನ್ನೊಂದು ಇರುವಾಗ, ದಾಟಿಸಿಯೇ ತೀರುತ್ತೇನೆನ್ನುವ ಹಟ ಯಾಕೆ?

"ಚನ್ನಗಿರಿಗೆ ಕರ್ಕೊಂಡು ಬರ್ತೀರಾ?" ಎಂದಳು. "ಅಲ್ಲಿಗೆ ನಡುವೆ ಹೊಳೆ ಇಲ್ಲ."

"ಚನ್ನಗಿರಿಗಾದ್ರೆ ಇವತ್ತೇ ಬರ್ತೀನಿ" ಎಂದಳು ಉಡಚಮ್ಮ.

ಉಡಚಮ್ಮ ಒಪ್ಪಿದರೆ ಮುಗಿಯಿತೇ, ಕೂಡುಪಟ್ಟಿ ಒಪ್ಪಬೇಕಲ್ಲ. ಹೊನ್ನಾಳಿ ತಾಲ್ಲೂಕಿನಲ್ಲಿರುವ ಬಸುರಿಗೆ ಚನ್ನಗಿರಿಯಲ್ಲಿ ರಕ್ತ ಕಾದಿರಿಸುವ ಗುಂಡಿಯೇ ಅದರಲ್ಲಿ ಇರಲಿಲ್ಲ. ಗುರುಬಸವರಾಜ್ ಅಂಗಳಕ್ಕೆ ಇಳಿದು ಹೊನ್ನಾಳಿಯಲ್ಲಿ ತಮ್ಮಂಥದೇ ಕೆಲಸ ಮಾಡುವ ಮಹೇಶ್ವರಪ್ಪನಿಗೆ ಫೋನು ಹಚ್ಚಿದರು. ತಿಂಗಳ ಹೆರಿಗೆಯ ಲೆಕ್ಕದಲ್ಲಿ ಒಂದು ತಗ್ಗುತ್ತದೆಂದು ಆ ಕಡೆಯವರು ಗೊಣಗಿದ್ದು ಜಗಲಿಯವರೆಗೂ ಕೇಳಿಸಿತು.

"ಹೆರಿಗೆ ಎಣಿಕೆ ನೀವೇ ಇಟ್ಕೊಳ್ರಿ ಮಹೇಶ್ವರಪ್ಪೋರೆ. ಹೆರಿಗೆ ಮಾತ್ರ ನಮ್ಮಲ್ಲಿ ಆಗ್ಲಿ. ಹ್ಞಾಂ, ಎಣಿಕೆ ನಿಮ್ದು, ನೋವು ನಮ್ದು. ಇಲ್ಲ ಇಲ್ಲ, ನೋವು ಹುಡುಗೀದು, ಓಡಾಟ ನಮ್ದು."

ಹತ್ತು ನಿಮಿಷದಲ್ಲಿ ಒಪ್ಪಿಗೆಯ ಪತ್ರ ವಾಟ್ಸಪ್ಪಿಗೆ ಬಂತು. ಅಷ್ಟರಲ್ಲಿ ಸಂಧ್ಯಾರಾಣಿ ಜಗಲಿಯ ಮೇಲೆಯೇ ಲ್ಯಾಪ್‌ಟಾಪ್ ಬಿಚ್ಚಿ ಸಾಫ್ಟ್‌ವೇರಿನವರಿಗೆ ಫೋನು ಮಾಡಿ, ಮೂರನೆಯ ಖಾನೆ ಬೇಕು ಎಂದಳು. ಗಂಡನ ಮನೆಯೂ ಅಲ್ಲದ, ತವರೂ ಅಲ್ಲದ, ಆಕೆ ಈಗ ಇರುವ ಮನೆ. ಆ ಕಡೆಯ ಹುಡುಗ ತಾಳ್ಮೆಯಿಂದ ಕೇಳಿದ: ಇಂಥವರು ಎಷ್ಟು ಜನ ಇರಬಹುದು ಮೇಡಂ, ಒಬ್ಬರಿಗಾಗಿ ಖಾನೆ ಮಾಡಲು ಆಗುವುದಿಲ್ಲವಲ್ಲ.

ಎಣಿಸಿ ಹೇಳುತ್ತೇನೆ ಎಂದಳು. ಮಾರನೆಯ ದಿನದಿಂದ ಅವಳು ತೆಗೆದುಹಾಕಿದ ಇನ್ನೂರ ಹನ್ನೆರಡು ಹೆಸರುಗಳನ್ನು ಒಂದೊಂದಾಗಿ ಮೇಲೆತ್ತಿದಳು. ನಾಲ್ಕು ತಾಲ್ಲೂಕಿನ ಆಶಾಗಳೂ ಟೀಚರುಗಳೂ ಅವರ ಮೇಲಿನವರೂ ಸೇರಿದ ಒಂದು ವಾಟ್ಸಪ್ ಗುಂಪು ಕಟ್ಟಿ, ಯಾರಾದರೂ ಇವರನ್ನು ಕಂಡಿದ್ದೀರಾ ಎಂದು ಹಾಕಿದಳು. ಉತ್ತರಗಳು ಮಳೆಹುಳುಗಳ ಹಾಗೆ ಎದ್ದು ಬಂದವು. ಒಬ್ಬಳು ತಾಯಿ ಇಲ್ಲದವಳು, ಅಕ್ಕನ ಮನೆಯಲ್ಲಿದ್ದಾಳೆ. ಒಬ್ಬಳ ಅಣ್ಣನ ಹೆಂಡತಿಯೂ ಬಸುರಿ, ಒಂದೇ ಸೂರಿನಡಿ ಇಬ್ಬರು ಬಸುರಿಯರು ಬೇಡವೆಂದು ಸೋದರಮಾವನ ಮನೆಗೆ ಕಳಿಸಿದ್ದಾರೆ. ಒಬ್ಬಳು ಅಡಿಕೆ ಸುಲಿಯುವ ಕೆಲಸಕ್ಕೆ ಬಂದ ಅವ್ವನ ಜೊತೆ ಚನ್ನಗಿರಿಯಲ್ಲೇ ಇದ್ದಾಳೆ. ಮೂರು ದಿನದಲ್ಲಿ ಹತ್ತೊಂಬತ್ತು ಜನ ಸಿಕ್ಕರು, ಉಳಿದವು ನಿಜವಾಗಿಯೂ ಎರಡು ಸಲ ಕೂತ ಹೆಸರುಗಳೇ. ಹತ್ತೊಂಬತ್ತು ಎಂದಾಗ ಸಾಫ್ಟ್‌ವೇರಿನ ಹುಡುಗ ಖಾನೆ ಮಾಡಿಕೊಟ್ಟ. ‘ಹೆಚ್ಚುವರಿ ತೆಗೆ’ ಎಂಬ ಗುಂಡಿಯನ್ನು ಅವಳೇ ಹೇಳಿ ತೆಗೆಸಿದಳು. ಇನ್ನು ಮುಂದೆ ಒಂದು ಹೆಸರು ಹೋಗಬೇಕಾದರೆ ಎರಡೂ ಕಡೆಯ ಹೆಂಗಸರು ಫೋನಿನಲ್ಲಿ ಮಾತಾಡಿ, ಇಬ್ಬರೂ ಹೂಂ ಅನ್ನಬೇಕು.

ದಾವಣಗೆರೆಯಿಂದ ಎರಡು ಬಾಟಲಿ ರಕ್ತ ಹದಿನೆಂಟಕ್ಕೆ ಬಂತು. ಉಡಚಮ್ಮ ಮಗಳೊಂದಿಗೆ ಅದರ ಹಿಂದಿನ ದಿನವೇ ಬಂದು ಚನ್ನಗಿರಿಯ ಆಸ್ಪತ್ರೆಯಲ್ಲಿ ಬೀಡುಬಿಟ್ಟಿದ್ದಳು. ಇಪ್ಪತ್ತನೆಯ ತಾರೀಖು ಮಧ್ಯಾಹ್ನ, ಹೇಳಿದ ದಿನಕ್ಕಿಂತ ನಾಲ್ಕು ದಿನ ಮೊದಲು, ಬೇನೆ ಬಂತು. ರಕ್ತ ತುಸು ಹೆಚ್ಚೇ ಹೋಯಿತು. ಒಂದು ಬಾಟಲಿ ಬೇಕಾಯಿತು, ಇನ್ನೊಂದು ಬೇಕಾಗಲಿಲ್ಲ. ನಾಲ್ಕು ಗಂಟೆಗೆ ಹೆಣ್ಣು ಕೂಸು, ಎರಡು ಕೆಜಿ ಎಂಟುನೂರು. ಹೆತ್ತ ಮೇಲೆ ಬೀಳಬೇಕಾದ ಸೂಜಿಯೂ ಬಿತ್ತು, ತಾಯಿ ಬಿಸಿ ಗಂಜಿ ಕುಡಿದು, ಉಪ್ಪು ಸಾಲದು ಎಂದಳು ಎಂಬ ಸುದ್ದಿಯನ್ನು ಗುರುಬಸವರಾಜ್ ಫೋನು ಮಾಡದೆ, ಮೆಟ್ಟಿಲು ಹತ್ತಿ ಬಂದು ತಾವೇ ಹೇಳಿದರು.

ಸಂಧ್ಯಾರಾಣಿ ಗುಂಪಿನಲ್ಲಿ ಎರಡು ಸಾಲು ಹಾಕಿದಳು. ಅಲ್ಲಿಂದ ಶುರುವಾಯಿತು.

"ನಮ್ಮ ಜಗಳೂರು ಕೂಸು. ಮೂರು ತಿಂಗಳಿಂದ ಸೂಜಿ ಹಾಕ್ಸಿದ್ದು ನಾನು" ಎಂದರು ಲಕ್ಷ್ಮಮ್ಮ.

"ತವರಿನ ಹೆರಿಗೆ ಅಂದ ಮೇಲೆ ಕೂಸು ನ್ಯಾಮತೀದು. ಹೊಳೆ ಮಾತು ಹೇಳಿದ್ದು ಯಾರು?" ಎಂದರು ಪ್ರೇಮಮ್ಮ.

"ಮೊಟ್ಟೆ ತಿಂದಿದ್ದು ಸಾಸ್ವೆಹಳ್ಳೀದು. ಕೂಸಿನ ತೂಕದಾಗೆ ಅರ್ಧ ನಮ್ಮ ಕೋಳೀದು" ಎಂದರು ಸಾವಂತ್ರಮ್ಮ. ಅದಕ್ಕೆ ಹೊನ್ನಾಳಿಯ ಮಹೇಶ್ವರಪ್ಪ, ಎಣಿಕೆ ನಮಗೆ ಕೊಡ್ತೀವಿ ಅಂತ ಮಾತಾಗಿದೆ ಎಂದು ದಾಖಲೆ ಸಮೇತ ಸೇರಿಸಿದರು.

ಅನ್ನಪೂರ್ಣಮ್ಮ ಎಲ್ಲರಿಗಿಂತ ಕೊನೆಗೆ, ಹುಟ್ಟಿದ್ದು ಚನ್ನಗಿರಿ ನೆಲದ ಮೇಲೆ, ಮಿಕ್ಕಿದ್ದು ನೀವು ನೀವು ನೋಡಿಕೊಳ್ಳಿ ಎಂದು ಹಾಕಿ, ಫೋನು ಮುಚ್ಚಿಟ್ಟು ಟೀ ಕುಡಿಯಲು ಹೋದರು.

ಒಂಬತ್ತು ದಿನದ ಹಿಂದೆ ನಾಲ್ಕು ತಾಲ್ಲೂಕಿನಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದ ಹುಡುಗಿಯ ಕೂಸಿಗೆ ಈಗ ನಾಲ್ಕು ಊರು. ಜನನದ ದಾಖಲೆ ಹುಟ್ಟಿದ ಜಾಗದಲ್ಲೇ ಆಗುತ್ತದೆ, ಅದರಲ್ಲಿ ತಕರಾರಿಲ್ಲ. ಆದರೆ ಇನ್ನು ಮುಂದೆ ಕೂಸನ್ನು ನೋಡಿಕೊಳ್ಳುವವರು ಯಾವ ಊರಿನವರು ಎಂಬ ಖಾನೆ ಅವಳ ಮುಂದೆ ಖಾಲಿ ಮಿನುಗುತ್ತಿತ್ತು. ಈ ಸಲ ತಾನೇ ತುಂಬುವುದು ಬೇಡವೆನಿಸಿ ಸಂಧ್ಯಾರಾಣಿ ಆಸ್ಪತ್ರೆಗೆ ನಡೆದು ಹೋದಳು.

ವಾರ್ಡಿನಲ್ಲಿ ಉಡಚಮ್ಮ ಮಂಚದ ಕಾಲಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ರಕ್ಷಾ ಎಚ್ಚರವಿದ್ದಳು. ಪಕ್ಕದಲ್ಲಿ ಹಳೆಯ ಸೀರೆಯ ಬಟ್ಟೆಯೊಳಗೆ ಕೆಂಪಗೆ ಒಂದು ಮುಖ.

"ಎಲ್ರೂ ಜಗಳ ಆಡ್ತಿದಾರೆ ರಕ್ಷಾ" ಎಂದಳು ಸಂಧ್ಯಾರಾಣಿ, ಸ್ಟೂಲು ಎಳೆದುಕೊಂಡು. "ಕೂಸು ಯಾವ ಊರಿಗೆ ಹೋಗ್ತತೆ ಅಂತ ಬರೀಲಿ?"

"ಅಯ್ಯೋ, ನನಗೆ ಹೆಂಗೆ ಗೊತ್ತಾಗ್ತತೆ ಅಕ್ಕ" ಎಂದಳು ರಕ್ಷಾ, ಕೂಸಿನ ಮೇಲಿನ ಬಟ್ಟೆ ಸರಿಮಾಡುತ್ತ. "ಈಗಿನ್ನೂ ಮಲಗೈತೆ. ಎದ್ದ ಮೇಲೆ ಕೇಳ್ರಿ."

ಸಂಧ್ಯಾರಾಣಿ ಕೂತು ಕಾದಳು.